ಸೂರ್ಯನಿಲ್ಲದ ಊರಿನಲ್ಲಿ ಸೂರ್ಯನದೇ ಕಾರುಬಾರು

ಡಿಸೆಂಬರ್ ಬಂತೆಂದರೆ ಮ್ಯಾಂಚೆಸ್ಟರಿನ ಮಕ್ಕಳಿಗೆ ಸೂರ್ಯನ ಮೇಲೆ ಸಣ್ಣ ಸಿಟ್ಟು. ಬೆಳಗ್ಗೆ ಯೂನಿಫಾರ್ಮ್ ಹಾಕಿಕೊಳ್ಳುವಾಗ ಆಸಾಮಿ ಇನ್ನೂ ಎದ್ದಿರುವುದಿಲ್ಲ. ಸಂಜೆ ನಾಲ್ಕು ಹೊಡೆಯುವ ಮೊದಲೇ ಹೊರಟುಹೋಗಿರುತ್ತಾನೆ. ನಡುವೆ ಸಿಗುವ ಏಳೂವರೆ ಗಂಟೆಯಲ್ಲಿ ಬಹುಪಾಲು ಮೋಡದ ಹಿಂದೆಯೇ ಕಳೆಯುತ್ತಾನೆ. ಲೀಡ್ಸ್, ಬರ್ಮಿಂಗ್‌ಹ್ಯಾಮ್ ಮಕ್ಕಳದ್ದೂ ಇದೇ ದೂರು. ಹೀಗಿರುವಾಗ ಕ್ರಿಸ್‌ಮಸ್ ರಜೆಗೆ ಅಪ್ಪ ಅಮ್ಮ ನಾರ್ವೆಯ ಟ್ರೊಮ್ಸೋಗೆ ಟಿಕೆಟ್ ಮಾಡಿಸುತ್ತಾರೆ. ಅಲ್ಲಿ ಆಗ ಸೂರ್ಯ ಹುಟ್ಟುವುದೇ ಇಲ್ಲ! ದಾವಣಗೆರೆಯ ಅಜ್ಜಿ ಫೋನಿನಲ್ಲಿ, "ಬಿಸಿಲಿಗೆ ಊರಿಗೆ ಬರೋದು ಬಿಟ್ಟು, ದುಡ್ಡು ಕೊಟ್ಟು ಕತ್ತಲೆ ನೋಡೋಕೆ ಹೋಗ್ತೀರೇನ್ರೋ?" ಎಂದರೆ ಅದರಲ್ಲಿ ತಪ್ಪೇನಿದೆ?

ಅಜ್ಜಿಗೆ ಕೊಡಬಹುದಾದ ಉತ್ತರವೊಂದಿದೆ. ಸೂರ್ಯ ಮುಖ ತೋರಿಸದ ಆ ಊರಿನಲ್ಲಿ ಕಾಣುವುದೆಲ್ಲ ಸೂರ್ಯನ ಕೆಲಸವೇ. ಹೇಗೆಂದು ತಿಳಿಯಲು ದೂರ ಹೋಗಬೇಕಾಗಿಲ್ಲ. ನಿಮ್ಮ ಮ್ಯಾಂಚೆಸ್ಟರಿನ ಇಬ್ಬರು ಹಳೆಯ ನಿವಾಸಿಗಳು ನೆರವಿಗಿದ್ದಾರೆ. ಅವರನ್ನು ಆಮೇಲೆ ಕರೆಯೋಣ.

ಮೊದಲು ಒಂದು ಮೀಟರ್ ಉದ್ದದ ಕೋಲು ಹುಡುಕಿ. ಡಿಸೆಂಬರ್ 21ರ ಆಸುಪಾಸಿನಲ್ಲಿ, ಮೋಡ ದಯೆ ತೋರಿದ ಒಂದು ದಿನ, ಮಧ್ಯಾಹ್ನ ಹನ್ನೆರಡು ದಾಟುತ್ತಿದ್ದಂತೆ ಅದನ್ನು ಪಾರ್ಕಿನಲ್ಲಿ ನೆಟ್ಟಗೆ ನಿಲ್ಲಿಸಿ. ನೆರಳು ನಾಲ್ಕು ಮೀಟರಿಗಿಂತ ಉದ್ದ ಬೀಳುತ್ತದೆ. ಅದೇ ದಿನ ಮೈಸೂರಿನಲ್ಲಿರುವ ಚಿಕ್ಕಮ್ಮನ ಮಕ್ಕಳು ಅಲ್ಲಿಯ ನಡುಮಧ್ಯಾಹ್ನಕ್ಕೆ ಅಷ್ಟೇ ಉದ್ದದ ಕೋಲು ನಿಲ್ಲಿಸಿದರೆ ನೆರಳು ಮುಕ್ಕಾಲು ಮೀಟರೂ ಇರುವುದಿಲ್ಲ. ಮೈಸೂರಿನಲ್ಲಿ ಆ ಹೊತ್ತಿಗೆ ಸೂರ್ಯ ದಿಗಂತದಿಂದ ಸುಮಾರು 54 ಡಿಗ್ರಿ ಮೇಲಿರುತ್ತಾನೆ, ಮ್ಯಾಂಚೆಸ್ಟರಿನಲ್ಲಿ 13 ಡಿಗ್ರಿ ಮಾತ್ರ. ಬಿಸಿಲು ಅಷ್ಟು ಓರೆಯಾಗಿ ಬಿದ್ದಾಗ ಅದೇ ಬೆಳಕು, ನೆತ್ತಿಯಿಂದ ನೇರವಾಗಿ ಬೀಳುವಾಗಿನದಕ್ಕಿಂತ ನಾಲ್ಕು ಪಟ್ಟಿಗೂ ಹೆಚ್ಚು ಜಾಗಕ್ಕೆ ಹರಡಿಕೊಳ್ಳಬೇಕು. ಹಂಚಿದ್ದು ಹೆಚ್ಚಾದರೆ ಒಬ್ಬೊಬ್ಬರಿಗೆ ಸಿಗುವುದು ಕಡಿಮೆ ತಾನೇ? ಚಳಿಗಾಲದ ಅರ್ಧ ಕಥೆ ಇದೇ.

ಈಗ ಉತ್ತರಕ್ಕೆ ಹೊರಡೋಣ. ನಾರ್ವೆಯ ದಕ್ಷಿಣ ಭಾಗದ ಬಂದರು ಬರ್ಗನ್‌ನಲ್ಲಿ ಆ ದಿನ ಸೂರ್ಯ ಏರುವುದು ಆರೇ ಡಿಗ್ರಿ, ನೆರಳು ಒಂಬತ್ತು ಮೀಟರ್. ಇನ್ನೂ ಮೇಲೆ ಹೋದರೆ ನೆರಳು ಉದ್ದವಾಗುತ್ತಾ ಆಗುತ್ತಾ ಒಂದೆಡೆ ಇಲ್ಲವೇ ಆಗಿಬಿಡುತ್ತದೆ, ಏಕೆಂದರೆ ನೆರಳು ಬೀಳಿಸುವವನೇ ಇರುವುದಿಲ್ಲ. ಭೂಮಿಯ ಅಕ್ಷ 23.4 ಡಿಗ್ರಿ ವಾಲಿದೆ. ಡಿಸೆಂಬರಿನಲ್ಲಿ ಉತ್ತರದ ತುದಿ ಸೂರ್ಯನಿಂದ ಆಚೆಗೆ ವಾಲಿರುತ್ತದೆ. 66.5 ಡಿಗ್ರಿ ಅಕ್ಷಾಂಶದಿಂದ ಮೇಲಿನ ನೆಲ ಇಡೀ ಒಂದು ಸುತ್ತು ತಿರುಗಿದರೂ ಬೆಳಕಿನ ಬದಿಗೆ ಬರುವುದಿಲ್ಲ. ಟ್ರೊಮ್ಸೋ ಇರುವುದು 69.6 ಡಿಗ್ರಿಯಲ್ಲಿ. ಅಲ್ಲಿ ನವೆಂಬರ್ ಕೊನೆಯಿಂದ ಜನವರಿ ನಡುವಿನವರೆಗೆ, ಸುಮಾರು ಏಳು ವಾರ, ಸೂರ್ಯ ದಿಗಂತದ ಮೇಲೆ ತಲೆ ಹಾಕುವುದಿಲ್ಲ.

ಹಾಗಂತ ಅದು ಇಪ್ಪತ್ತನಾಲ್ಕು ಗಂಟೆಯ ಕಗ್ಗತ್ತಲೆ ಅಂದುಕೊಳ್ಳಬೇಡಿ. ಡಿಸೆಂಬರಿನ ಅತಿ ಚಿಕ್ಕ ದಿನದಲ್ಲೂ ಮಧ್ಯಾಹ್ನದ ಹೊತ್ತಿಗೆ ಸೂರ್ಯ ದಿಗಂತದ ಕೆಳಗೆ ಮೂರೇ ಮೂರು ಡಿಗ್ರಿ ಇರುತ್ತಾನೆ. ಅಲ್ಲಿಂದಲೇ ಆಕಾಶಕ್ಕೆ ಬೆಳಕು ಎರಚುತ್ತಾನೆ. ನಮ್ಮೂರಲ್ಲಿ ಸೂರ್ಯ ಮುಳುಗಿ ಹತ್ತು ಹದಿನೈದು ನಿಮಿಷಕ್ಕೆ ಇಷ್ಟೇ ಬೆಳಕಿರುತ್ತದೆ, ನೋಡುನೋಡುತ್ತಿದ್ದಂತೆ ಕತ್ತಲಾಗಿಬಿಡುತ್ತದೆ. ಟ್ರೊಮ್ಸೋದಲ್ಲಿ ಅದೇ ಮಬ್ಬು ಗಂಟೆಗಟ್ಟಲೆ ಕುಳಿತಿರುತ್ತದೆ. ದಕ್ಷಿಣದ ಅಂಚಿನಲ್ಲಿ ತೆಳು ಗುಲಾಬಿ, ಉಳಿದ ಕಡೆಯೆಲ್ಲ ನೀಲಿ. ಹಿಮ, ಗುಡ್ಡ, ಸೇತುವೆ, ನಿಮ್ಮ ತಮ್ಮನ ಕೆನ್ನೆ, ಎಲ್ಲವೂ ನೀಲಿ. ಇದಕ್ಕೆ ಓಜೋನ್ ಪದರದ ಕೈವಾಡವೂ ಸೇರಿದೆ. ದಿಗಂತದ ಕೆಳಗಿನಿಂದ ಬರುವ ಬೆಳಕು ಓರೆಯಾಗಿ, ಆ ಪದರದೊಳಗೆ ಬಹಳ ದೂರ ಸಾಗಬೇಕು. ದಾರಿಯಲ್ಲಿ ಓಜೋನ್ ಹಳದಿ, ಕಿತ್ತಳೆ ಬಣ್ಣಗಳನ್ನು ಹೀರಿಕೊಂಡು ನೀಲಿಯನ್ನು ಬಿಟ್ಟುಕೊಡುತ್ತದೆ.

ಇನ್ನು ಚಂದ್ರ. ಹುಣ್ಣಿಮೆಯಂದು ಅವನು ಸೂರ್ಯನಿಗೆ ಸರಿಯಾಗಿ ಎದುರು ಬದಿಯಲ್ಲಿರುತ್ತಾನೆ. ಸೂರ್ಯ ಏಳದ ದಿನಗಳಲ್ಲಿ ಎದುರಿನವನು ಏನು ಮಾಡಬೇಕು ಹೇಳಿ? ಮುಳುಗಬಾರದು! ನಿಜಕ್ಕೂ ಹಾಗೆಯೇ ಆಗುತ್ತದೆ. ಡಿಸೆಂಬರ್ ಹುಣ್ಣಿಮೆಯ ಆಚೀಚೆ ಕೆಲವು ದಿನ ಟ್ರೊಮ್ಸೋದಲ್ಲಿ ಚಂದ್ರ ಮುಳುಗದೆ ಆಕಾಶವನ್ನು ಸುತ್ತುತ್ತಲೇ ಇರುತ್ತಾನೆ. ಬೆಳದಿಂಗಳು ಬಿಳಿ ಹಿಮಕ್ಕೆ ಬಿದ್ದು ಮತ್ತೆ ಮೇಲಕ್ಕೆ ಚಿಮ್ಮುತ್ತದೆ. ಅದೂ ಸೂರ್ಯನ ಬೆಳಕೇ, ಸ್ವಲ್ಪ ಸುತ್ತು ಬಳಸಿ ಬಂದದ್ದು.

ಈಗ ಬಂದರಿಗೆ ಇಳಿಯೋಣ. ಮೊದಲು ಕಣ್ಣಿಗೆ ಬೀಳುವ ವಿಚಿತ್ರವೆಂದರೆ ನೀರು ಹೆಪ್ಪುಗಟ್ಟಿಲ್ಲ. ದೋಣಿಗಳು ಆರಾಮಾಗಿ ತೇಲುತ್ತಿವೆ. ಉತ್ತರ ಧ್ರುವದಿಂದ ಎರಡು ಸಾವಿರದ ಚಿಲ್ಲರೆ ಕಿಲೋಮೀಟರ್ ದೂರದಲ್ಲಿ, ನಟ್ಟನಡು ಚಳಿಗಾಲದಲ್ಲಿ! ಜನವರಿಯಲ್ಲಿ ಇಲ್ಲಿಯ ಸರಾಸರಿ ಉಷ್ಣಾಂಶ ಮೈನಸ್ ಮೂರು ನಾಲ್ಕು ಡಿಗ್ರಿ. ಮೈನಸ್ 20ರ ಆಚೆ ಹೋಗುವುದೇ ಅಪರೂಪ. ಹೆಚ್ಚುಕಡಿಮೆ ಇದೇ ಅಕ್ಷಾಂಶದಲ್ಲಿ ಪೂರ್ವಕ್ಕೆ ಸುಮಾರು 250 ಕಿಲೋಮೀಟರ್ ಹೋದರೆ ಒಳನಾಡಿನಲ್ಲಿ ಕಾರಸ್‌ಯೋಕ್ ಎಂಬ ಊರಿದೆ. ನಾರ್ವೆಯ ಅತಿ ಕೆಟ್ಟ ಚಳಿ ದಾಖಲಾಗಿರುವುದು ಅಲ್ಲಿ, 1886ರ ಜನವರಿ 1ರಂದು: ಮೈನಸ್ 51.4 ಡಿಗ್ರಿ. ಎರಡೂ ಊರಿಗೆ ನಡುಚಳಿಗಾಲದಲ್ಲಿ ಸಿಗುವ ಬಿಸಿಲು ಒಂದೇ, ಅಂದರೆ ಸೊನ್ನೆ. ಮತ್ತೇಕೆ ಇಷ್ಟು ಅಂತರ?

ಇಲ್ಲಿ ಮ್ಯಾಂಚೆಸ್ಟರಿನ ಮೊದಲನೆಯವರನ್ನು ಕರೆಯಬೇಕು. ಜೇಮ್ಸ್ ಜೂಲ್ ಹುಟ್ಟಿದ್ದು ಮ್ಯಾಂಚೆಸ್ಟರಿಗೆ ಅಂಟಿಕೊಂಡೇ ಇರುವ ಸಾಲ್ಫರ್ಡ್‌ನಲ್ಲಿ, 1818ರ ಕ್ರಿಸ್‌ಮಸ್ ಹಿಂದಿನ ದಿನ. ಮನೆಯವರದು ಬಿಯರ್ ತಯಾರಿಸುವ ವ್ಯಾಪಾರ. ದೊಡ್ಡವರಾದ ಮೇಲೆ ಅವರು ನೀರಿನ ಪಾತ್ರೆಯೊಳಗೆ ಚಕ್ರವೊಂದನ್ನಿಟ್ಟು, ಹಗ್ಗಕ್ಕೆ ಕಟ್ಟಿದ ತೂಕ ಕೆಳಗಿಳಿಯುವಾಗ ಆ ಚಕ್ರ ನೀರನ್ನು ಕಡೆಯುವಂತೆ ಮಾಡಿದರು. ಕಡೆದಂತೆಲ್ಲ ನೀರು ತುಸುವೇ ತುಸು ಬೆಚ್ಚಗಾಯಿತು. ಆ ತುಸುವನ್ನು ಅಳೆಯಲು ಅವರು ಪಟ್ಟ ಪಾಡು ದೊಡ್ಡದು, ಏಕೆಂದರೆ ನೀರು ಸುಲಭಕ್ಕೆ ಬಿಸಿಯಾಗುವ ಜಾತಿಯಲ್ಲ. ಒಂದು ಕಿಲೋ ನೀರನ್ನು ಒಂದೇ ಒಂದು ಡಿಗ್ರಿ ಬಿಸಿ ಮಾಡಲು ಸುಮಾರು 4200 ಜೂಲ್ ಶಕ್ತಿ ಬೇಕು. ಹೌದು, ಶಕ್ತಿಯ ಅಳತೆಗೆ ಇಟ್ಟಿರುವುದು ಅವರ ಹೆಸರನ್ನೇ. ನಿಮ್ಮ ಬಿಸ್ಕತ್ ಪೊಟ್ಟಣದ ಹಿಂಬದಿಯಲ್ಲೂ ಕಿಲೋಜೂಲ್ ಎಂದು ಸಾಲ್ಫರ್ಡಿನ ಈ ಹುಡುಗ ಕುಳಿತಿದ್ದಾನೆ, ತಿನ್ನುವ ಮೊದಲು ನೋಡಿ.

ಸುಲಭಕ್ಕೆ ಬಿಸಿಯಾಗದ್ದು ಸುಲಭಕ್ಕೆ ಆರುವುದೂ ಇಲ್ಲ. ಅಜ್ಜಿಯ ಮನೆಯ ಬಚ್ಚಲ ಹಂಡೆಯನ್ನು ನೆನೆಸಿಕೊಳ್ಳಿ. ರಾತ್ರಿ ಒಲೆ ಆರಿದರೂ ಬೆಳಗ್ಗೆ ಕೈ ಅದ್ದಿದರೆ ನೀರು ಉಗುರುಬೆಚ್ಚಗಿರುತ್ತದೆ. ಅಟ್ಲಾಂಟಿಕ್ ಸಾಗರವೂ ಹಾಗೆಯೇ. ಬೇಸಿಗೆಯಿಡೀ ಬಿದ್ದ ಬಿಸಿಲನ್ನು ನುಂಗಿಟ್ಟುಕೊಂಡು ಚಳಿಗಾಲದಲ್ಲಿ ಮೆಲ್ಲಗೆ ಬಿಡುತ್ತದೆ. ಜೊತೆಗೆ ಅಮೆರಿಕದ ಬೆಚ್ಚಗಿನ ಕಡಲಿನಿಂದ ಹೊರಡುವ ಗಲ್ಫ್ ಪ್ರವಾಹದ ಮುಂದಿನ ಕವಲುಗಳು ನಾರ್ವೆಯ ದಂಡೆಯುದ್ದಕ್ಕೂ ಮೇಲೆ ಹರಿದುಬರುತ್ತವೆ. ಒಂದು ಘನ ಮೀಟರ್ ಕಡಲ ನೀರು ಒಂದು ಡಿಗ್ರಿ ತಣ್ಣಗಾದರೆ, ಆಗ ಬಿಡುಗಡೆಯಾಗುವ ಶಾಖ ಮೂರು ಸಾವಿರಕ್ಕೂ ಹೆಚ್ಚು ಘನ ಮೀಟರ್ ಗಾಳಿಯನ್ನು ಒಂದು ಡಿಗ್ರಿ ಬೆಚ್ಚಗೆ ಮಾಡಬಲ್ಲದು. ನೈಋತ್ಯದಿಂದ ಬೀಸುವ ಗಾಳಿ ಆ ಬಿಸುಪನ್ನು ಹೊತ್ತು ದಂಡೆಗೆ ತಲುಪಿಸುತ್ತದೆ. ಕಾರಸ್‌ಯೋಕ್‌ವರೆಗೆ ಅದು ಅಷ್ಟಾಗಿ ತಲುಪುವುದಿಲ್ಲ.

(ನಿಮ್ಮೂರಿನ ಮಳೆಗೂ ಅಟ್ಲಾಂಟಿಕ್ ಮೇಲಿನ ಗಾಳಿಯೇ ಕಾರಣ. ಒದ್ದೆ ಗಾಳಿ ಪೆನ್ನೈನ್ ಬೆಟ್ಟಸಾಲು ಹತ್ತುವಾಗ ಮ್ಯಾಂಚೆಸ್ಟರಿನ ಮೇಲೆ ಸುರಿದು ಹಗುರಾಗಿ, ಆಮೇಲೆ ಲೀಡ್ಸ್ ಕಡೆ ಇಳಿಯುತ್ತದೆ. ಆಗುಂಬೆಗೆ ಸುರಿದು ಚಿತ್ರದುರ್ಗಕ್ಕೆ ಕೈಕೊಡುವ ನಮ್ಮ ಮುಂಗಾರಿನ ಲೆಕ್ಕಾಚಾರವೂ ಇದೇ. ಲೀಡ್ಸ್‌ನವರು ಇದರಲ್ಲಿ ಹೆಮ್ಮೆ ಪಡುವಂಥದ್ದೇನೂ ಇಲ್ಲ.)

ಬರ್ಮಿಂಗ್‌ಹ್ಯಾಮ್ ಮಕ್ಕಳಿಗೆ ಈಗ ಒಂದು ತಕರಾರು ಇರಬೇಕು: "ನಮ್ಮ ಕಾಲುವೆ ಒಮ್ಮೊಮ್ಮೆ ಜನವರಿಯಲ್ಲಿ ಹೆಪ್ಪುಗಟ್ಟುತ್ತದೆ. ಅಷ್ಟು ಉತ್ತರದ ಬಂದರು ಗಟ್ಟಿಯಾಗದೆ, ನಮ್ಮದು ಆಗುವುದು ಹೇಗೆ?" ಒಳ್ಳೆಯ ತಕರಾರು. ಕಾಲುವೆಯ ನೀರು ಸಿಹಿ. ಸಿಹಿನೀರು ನಾಲ್ಕು ಡಿಗ್ರಿಯಲ್ಲಿ ಅತ್ಯಂತ ಭಾರ. ಅದಕ್ಕಿಂತ ತಣ್ಣಗಾದರೆ ಮತ್ತೆ ಹಗುರಾಗಿ ಮೇಲೆಯೇ ಉಳಿಯುತ್ತದೆ. ಮೇಲ್ಪದರವೊಂದು ಸೊನ್ನೆಗೆ ಇಳಿದರೆ ಸಾಕು, ತೆಳು ಮಂಜುಗಡ್ಡೆ ಕಟ್ಟಿತು. ಬಾತುಕೋಳಿಗಳು ಜಾರುವ ತಮಾಷೆ ಶುರು. ಕಡಲಿನ ಉಪ್ಪುನೀರಿನ ಗುಣ ಬೇರೆ. ಅದು ಹೆಪ್ಪುಗಟ್ಟುವುದು ಮೈನಸ್ 1.8 ಡಿಗ್ರಿಯ ಸುಮಾರಿಗೆ. ಅಲ್ಲಿಯವರೆಗೂ ತಣ್ಣಗಾದಷ್ಟೂ ಭಾರವಾಗಿ ಕೆಳಗಿಳಿಯುತ್ತದೆ, ಕೆಳಗಿನ ಬೆಚ್ಚನೆಯ ನೀರು ಅದರ ಜಾಗಕ್ಕೆ ಮೇಲೆ ಬರುತ್ತದೆ. ಅಷ್ಟು ಆಳದ ನೀರು ಸರದಿಯಲ್ಲಿ ಬಂದು ತಣ್ಣಗಾಗುವಷ್ಟರಲ್ಲಿ ಚಳಿಗಾಲವೇ ಮುಗಿದಿರುತ್ತದೆ.

ಬೆಚ್ಚನೆಯ ಕಡಲಿನಿಂದ ತೊಂದರೆಯೂ ಇದೆ. ಉಷ್ಣಾಂಶ ಸೊನ್ನೆಯ ಆಚೀಚೆ ಓಲಾಡುವುದರಿಂದ ಟ್ರೊಮ್ಸೋದಲ್ಲಿ ಜನವರಿಯಲ್ಲೂ ಹಿಮದ ಮೇಲೆ ಮಳೆ ಬೀಳುವುದುಂಟು. ಕರಗಿದ್ದು ರಾತ್ರಿ ಮತ್ತೆ ಗಟ್ಟಿಯಾಗಿ ಬೀದಿ ಗಾಜಿನಷ್ಟು ನುಣುಪಾಗುತ್ತದೆ. ಊರಿನವರು ಬೂಟಿನ ತಳಕ್ಕೆ ಸಣ್ಣ ಮೊಳೆಗಳಿರುವ ಪಟ್ಟಿ ಹಾಕಿಕೊಂಡು ಟಕಟಕ ನಡೆಯುತ್ತಾರೆ. ಹೋದ ದಿನವೇ ನೀವೂ ಅದನ್ನು ಕೊಂಡುಬಿಡಿ. ಹಿಮಮಾನವನನ್ನು ಆಮೇಲೆ ಮಾಡಬಹುದು.

ರಾತ್ರಿಯ ವಿಷಯಕ್ಕೆ ಬರೋಣ, ಅಲ್ಲಿ 'ರಾತ್ರಿ' ಮಧ್ಯಾಹ್ನ ನಾಲ್ಕಕ್ಕೇ ಸಿದ್ಧವಿರುತ್ತದೆ. ಮೋಡ ಸರಿದರೆ ಉತ್ತರದಲ್ಲಿ ಬೂದುಬಣ್ಣದ ಪಟ್ಟಿಯೊಂದು ಕಾಣಿಸಿಕೊಳ್ಳುತ್ತದೆ. ಮೋಡವೇ ಇರಬೇಕು ಎಂದುಕೊಳ್ಳುವಷ್ಟರಲ್ಲಿ ಅದು ಅಲುಗಾಡುತ್ತದೆ. ಹಸಿರಾಗುತ್ತದೆ, ಸೀಳುತ್ತದೆ, ಮಡಿಕೆ ಬೀಳುತ್ತದೆ, ಅಂಚಿನಲ್ಲಿ ಗುಲಾಬಿ ಮಿಂಚುತ್ತದೆ, ತಲೆಯ ಮೇಲೆ ಹರಿದಾಡಿ ಇದ್ದಕ್ಕಿದ್ದಂತೆ ಮಾಯವಾಗುತ್ತದೆ. ಇದೇ ಧ್ರುವಪ್ರಭೆ, ಅರೋರಾ.

ಸೂರ್ಯ ಬೆಳಕನ್ನಷ್ಟೇ ಕಳಿಸುವುದಿಲ್ಲ, ವಿದ್ಯುತ್ ಆವೇಶವಿರುವ ಕಣಗಳನ್ನೂ ಸದಾ ಊದುತ್ತಿರುತ್ತಾನೆ. ಬೆಳಕು ಎಂಟು ನಿಮಿಷ ಚಿಲ್ಲರೆಗೆ ತಲುಪುತ್ತದೆ, ಕಣಗಳಿಗೆ ಒಂದರಿಂದ ನಾಲ್ಕು ದಿನ ಬೇಕು. ಭೂಮಿಯ ಕಾಂತಕ್ಷೇತ್ರ ಅವುಗಳಲ್ಲಿ ಬಹುಪಾಲನ್ನು ಬದಿಗೆ ತಳ್ಳಿಬಿಡುತ್ತದೆ. ಆ ನೂಕಾಟದಲ್ಲಿ ಕಾಂತಕ್ಷೇತ್ರದ ರಾತ್ರಿಯ ಬದಿ ಎಳೆದಾಡಿಕೊಂಡು ಶಕ್ತಿ ತುಂಬಿಕೊಳ್ಳುತ್ತದೆ. ಆಮೇಲೆ ಎಲೆಕ್ಟ್ರಾನುಗಳು ಕಾಂತರೇಖೆಗಳ ಗುಂಟ ರಭಸದಿಂದ ಧುಮುಕಿ, ಕಾಂತಧ್ರುವದ ಸುತ್ತ ಉಂಗುರದಂತಿರುವ ಒಂದು ಪಟ್ಟಿಯಲ್ಲಿ ಗಾಳಿಯನ್ನು ಬಡಿಯುತ್ತವೆ. ಟ್ರೊಮ್ಸೋ ಇರುವುದು ಆ ಪಟ್ಟಿಯ ಕೆಳಗೆ.

ಪೆಟ್ಟು ತಿಂದ ಆಮ್ಲಜನಕದ ಪರಮಾಣು ಆ ಶಕ್ತಿಯನ್ನು ಬೆಳಕಾಗಿ ಹೊರಹಾಕುತ್ತದೆ, ಆದರೆ ತಕ್ಷಣ ಅಲ್ಲ. ಹಸಿರು ಬೆಳಕು ಬಿಡಲು ಮುಕ್ಕಾಲು ಸೆಕೆಂಡಿನಷ್ಟು ಕಾಯುತ್ತದೆ, ಕೆಂಪು ಬೆಳಕಿಗಾದರೋ ಸುಮಾರು ಎರಡು ನಿಮಿಷ. ಪರಮಾಣುವಿಗೆ ಎರಡು ನಿಮಿಷ ಎಂದರೆ ಒಂದು ಯುಗ. ಅಷ್ಟರಲ್ಲಿ ಪಕ್ಕದ ಇನ್ನೊಂದು ಕಣ ಬಂದು ಡಿಕ್ಕಿ ಹೊಡೆದರೆ ಶಕ್ತಿಯೆಲ್ಲ ಸೋರಿಹೋಯಿತು, ಕೆಂಪು ಇಲ್ಲ. ಹಾಗಾಗಿ ಕೆಂಪು ಹುಟ್ಟುವುದು 200 ಕಿಲೋಮೀಟರಿಗೂ ಮೇಲೆ, ಕಣಗಳು ತೀರಾ ವಿರಳವಾಗಿರುವ ಕಡೆ. ಹಸಿರು 100ರಿಂದ 150 ಕಿಲೋಮೀಟರ್ ಎತ್ತರದಲ್ಲಿ. ಕೆಳಗಂಚಿನ ಗುಲಾಬಿ, ನೇರಳೆ ಸಾರಜನಕದವು.

ಎರಡನೆಯ ಮ್ಯಾಂಚೆಸ್ಟರಿಗರ ಸರದಿ ಈಗ. ಪೇಟೆಯ ನಡುವೆ ಜಾನ್ ಡಾಲ್ಟನ್ ಸ್ಟ್ರೀಟ್ ಇದೆಯಲ್ಲ, ಆ ಡಾಲ್ಟನ್. ಪರಮಾಣು ಸಿದ್ಧಾಂತದ ಪಾಠದಲ್ಲಿ ಬರುವವರು ಅವರೇ, ಹುಡುಗ ಜೂಲ್‌ಗೆ ಪಾಠ ಹೇಳಿದವರೂ ಅವರೇ. 1787ರಲ್ಲಿ, ಕೆಂಡಲ್ ಎಂಬ ಊರಿನಲ್ಲಿ ಮೇಷ್ಟರಾಗಿದ್ದಾಗ, ಹವೆಯ ದಿನಚರಿ ಬರೆಯಲು ಶುರು ಮಾಡಿದರು. 1793ರಲ್ಲಿ ಮ್ಯಾಂಚೆಸ್ಟರಿಗೆ ಬಂದ ಮೇಲೂ ಬಿಡಲಿಲ್ಲ. 1844ರಲ್ಲಿ ತೀರಿಕೊಳ್ಳುವ ಹಿಂದಿನ ದಿನವೂ, ನಡುಗುವ ಕೈಯಲ್ಲಿ, ಸ್ವಲ್ಪ ಮಳೆ ಬಂತೆಂದು ಬರೆದಿಟ್ಟರು. ಒಟ್ಟು ಎರಡು ಲಕ್ಷಕ್ಕೂ ಹೆಚ್ಚು ದಾಖಲೆಗಳು! ಅದರಲ್ಲಿ ಇಂಗ್ಲೆಂಡಿನ ಉತ್ತರದಿಂದ ಅವರು ಕಂಡ ಧ್ರುವಪ್ರಭೆಗಳೂ ಇದ್ದವು. ಪ್ರಭೆ ಮಿನುಗುವಾಗ ದಿಕ್ಸೂಚಿಯ ಸೂಜಿಯೂ ತಡಬಡಿಸುವುದನ್ನು ಗಮನಿಸಿ, ಈ ಬೆಳಕಿಗೂ ಭೂಮಿಯ ಕಾಂತತ್ವಕ್ಕೂ ನಂಟಿದೆ ಎಂದು 1793ರ ತಮ್ಮ ಪುಸ್ತಕದಲ್ಲೇ ವಾದಿಸಿದ್ದರು. ಆಗಿನ್ನೂ ಎಲೆಕ್ಟ್ರಾನ್ ಇದೆಯೆಂದು ಯಾರಿಗೂ ಗೊತ್ತಿರಲಿಲ್ಲ.

ಸುಮಾರು ನೂರು ವರ್ಷದ ಮೇಲೆ ನಾರ್ವೆಯ ಕ್ರಿಸ್ಟಿಯನ್ ಬಿರ್ಕೆಲಂಡ್ ಗಾಳಿ ತೆಗೆದ ಪೆಟ್ಟಿಗೆಯೊಳಗೆ ಪುಟ್ಟ ಕಾಂತಗೋಳವಿಟ್ಟು, ಅದರತ್ತ ಎಲೆಕ್ಟ್ರಾನುಗಳನ್ನು ಹಾಯಿಸಿದರು. ಗೋಳದ ಧ್ರುವಗಳ ಸುತ್ತ ಬೆಳಕಿನ ಬಳೆ ಮೂಡಿತು. ಬಹಳ ಕಾಲ ನಾರ್ವೆಯ 200 ಕ್ರೋನರ್ ನೋಟಿನ ಮೇಲೆ ಅವರ ಮುಖವಿತ್ತು. 2017ರಲ್ಲಿ ಬಂದ ಹೊಸ ನೋಟಿನಲ್ಲಿ ಅವರ ಬದಲು ಕಾಡ್ ಮೀನು ಇದೆ. ವಿಜ್ಞಾನಿಗೆ ಅನ್ಯಾಯವಾಯಿತೆಂದು ನನಗೆ ಅನಿಸುತ್ತದೆ. ಆದರೆ ಆ ದಂಡೆಯ ಜನರಿಗೆ ನೂರಾರು ವರ್ಷ ಅನ್ನ ಹಾಕಿದ್ದು ಮೀನೇ, ಜಗಳ ಆಡುವಂತಿಲ್ಲ.

ಡಾಲ್ಟನ್ ವಿಷಯದಲ್ಲಿ ಇನ್ನೊಂದು ಸ್ವಾರಸ್ಯವಿದೆ. ಅವರಿಗೆ ಕೆಂಪು, ಹಸಿರುಗಳ ವ್ಯತ್ಯಾಸ ಸರಿಯಾಗಿ ತಿಳಿಯುತ್ತಿರಲಿಲ್ಲ. ಅದನ್ನು ತಾವೇ ಕಂಡುಕೊಂಡು 1794ರಲ್ಲಿ ಮ್ಯಾಂಚೆಸ್ಟರಿನ ವಿದ್ವತ್ ಸಭೆಗೆ ವಿವರಿಸಿದರು. ತಮ್ಮ ಕಣ್ಣೊಳಗಿನ ದ್ರವ ನೀಲಿಯಾಗಿರಬೇಕು, ಸತ್ತ ಮೇಲೆ ತೆಗೆದು ನೋಡಿ ಎಂದೂ ಹೇಳಿಟ್ಟರು. ನೋಡಿದರು. ದ್ರವ ತಿಳಿಯಾಗಿತ್ತು, ಊಹೆ ತಪ್ಪಾಗಿತ್ತು. ಆದರೆ ಜೋಪಾನವಾಗಿ ಉಳಿಸಿದ್ದ ಆ ಕಣ್ಣಿನ ತುಣುಕಿನಿಂದ 1995ರಲ್ಲಿ ಡಿಎನ್‌ಎ ತೆಗೆದು ಪರೀಕ್ಷಿಸಿದಾಗ, ಹಸಿರಿನ ಕಡೆಯ ಬೆಳಕನ್ನು ಹಿಡಿಯುವ ವರ್ಣಕದ ಜೀನ್ ಅವರಲ್ಲಿ ಇರಲಿಲ್ಲವೆಂದು ತಿಳಿಯಿತು.

ಅರೋರಾದ ಮುಂದೆ ನಿಂತರೆ ನಮ್ಮೆಲ್ಲರ ಕಣ್ಣೂ ಸ್ವಲ್ಪಮಟ್ಟಿಗೆ ಹಾಗೆಯೇ ಆಗುತ್ತದೆ. ಮಂದ ಬೆಳಕಿನಲ್ಲಿ ಕಣ್ಣಿನ ಬಣ್ಣ ಗುರುತಿಸುವ ಕೋಶಗಳು ಕೈಚೆಲ್ಲಿ, ಬಣ್ಣ ತಿಳಿಯದ ಇನ್ನೊಂದು ಬಗೆಯ ಕೋಶಗಳು ಕೆಲಸ ವಹಿಸಿಕೊಳ್ಳುತ್ತವೆ. ಮೊಬೈಲಿನ ಚಿತ್ರದಲ್ಲಿ ದಟ್ಟ ಹಸಿರಾಗಿ ಬಂದದ್ದು ಕಣ್ಣಿಗೆ ಬೂದಾಗಿ ಕಾಣುವುದು ಇದಕ್ಕೇ. ಅಲ್ಲಿಯ ಹಿಮಸಾರಂಗಗಳು ಈ ವಿಷಯದಲ್ಲಿ ನಮಗಿಂತ ಜಾಣ ಪ್ರಾಣಿಗಳು. ಅವುಗಳ ಕಣ್ಣಿನ ಹಿಂಬದಿಯಲ್ಲಿ ಬೆಳಕನ್ನು ಮರಳಿಸುವ ಪರದೆಯೊಂದಿದೆ. ಬೇಸಿಗೆಯಲ್ಲಿ ಅದು ಚಿನ್ನದ ಬಣ್ಣ, ಚಳಿಗಾಲದಲ್ಲಿ ಕಡು ನೀಲಿ! ನೀಲಿಯಾದಾಗ ಕಣ್ಣು ಹೆಚ್ಚು ಸೂಕ್ಷ್ಮವಾಗಿ, ಸಿಕ್ಕಷ್ಟು ಬೆಳಕನ್ನು ಬಾಚಿಕೊಳ್ಳುತ್ತದೆ. ಇದನ್ನು 2013ರಲ್ಲಿ ಪ್ರಕಟಿಸಿದ ಲಂಡನ್ನಿನ ತಂಡದಲ್ಲಿ ಟ್ರೊಮ್ಸೋ ವಿಶ್ವವಿದ್ಯಾಲಯದವರೂ ಇದ್ದರು.

ಟ್ರೊಮ್ಸೋಗೆ ಹೋಗಲಾಗದವರು ಬೇಸರಿಸಬೇಡಿ. ಸೂರ್ಯ ಜೋರಾಗಿ ಸಿಡಿದಾಗ ಆ ಬೆಳಕಿನ ಉಂಗುರ ಹಿಗ್ಗಿ ದಕ್ಷಿಣಕ್ಕೆ ಇಳಿಯುತ್ತದೆ. 2024ರ ಮೇ 10ರ ರಾತ್ರಿ ಮ್ಯಾಂಚೆಸ್ಟರ್, ಲೀಡ್ಸ್, ಬರ್ಮಿಂಗ್‌ಹ್ಯಾಮ್ ಆಕಾಶವೆಲ್ಲ ಗುಲಾಬಿ ಹಸಿರಾಗಿ, ಜನ ಚಪ್ಪಲಿ ಹಾಕಿಕೊಳ್ಳದೆ ಹೊರಗೆ ಓಡಿದರು. ಅದೇ ಹೊತ್ತಿಗೆ ಲಡಾಖಿನ ಹಾನ್ಲೆಯಲ್ಲಿ, ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ನಡೆಸುವ ವೀಕ್ಷಣಾಲಯದ ಕ್ಯಾಮೆರಾಗಳು ಬರೀ ಕೆಂಪನ್ನು ಹಿಡಿದವು. ಬರೀ ಕೆಂಪೇ ಏಕೆ? ಕೆಂಪು ಎಲ್ಲಕ್ಕಿಂತ ಎತ್ತರದಲ್ಲಿ ಹುಟ್ಟುತ್ತದೆ ಎಂದೆನಲ್ಲ, ಅಷ್ಟು ದೂರದ ಲಡಾಖಿಗೆ ದಿಗಂತದ ಮೇಲೆ ಕಂಡದ್ದು ಆ ಮೇಲಿನ ಭಾಗ ಮಾತ್ರ. ಅದೇ ಸಂಸ್ಥೆ ಹೊಸಕೋಟೆಯ ತನ್ನ ಕೇಂದ್ರದಲ್ಲಿ ಕಟ್ಟಿದ ಉಪಕರಣವೊಂದು ಆದಿತ್ಯ-ಎಲ್1 ನೌಕೆಯಲ್ಲಿದೆ. 2023ರ ಸೆಪ್ಟೆಂಬರ್ 2ರಂದು ಹೊರಟ ಆ ನೌಕೆ ಈಗ ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರದಲ್ಲಿ ನಿಂತು ಸೂರ್ಯನನ್ನೇ ದಿಟ್ಟಿಸುತ್ತಿದೆ.

ಇನ್ನು ಟ್ರೊಮ್ಸೋಗೆ ಸೂರ್ಯ ಮರಳುವ ದಿನದ ಲೆಕ್ಕ. ಪಂಚಾಂಗದ ಲೆಕ್ಕದಲ್ಲಿ ಅದು ಜನವರಿ 15ರ ಸುಮಾರು. ಹೌದು, ನಮ್ಮ ಮನೆಗಳಲ್ಲಿ ಎಳ್ಳು ಬೆಲ್ಲ ಹಂಚುವ ಸಂಕ್ರಾಂತಿಯ ಹೊತ್ತೇ! ಸಂಕ್ರಾಂತಿಗೆ ಸೂರ್ಯ ಉತ್ತರಕ್ಕೆ ತಿರುಗುತ್ತಾನೆ ಎನ್ನುತ್ತೇವಾದರೂ, ನಿಜಕ್ಕೂ ತಿರುಗುವುದು ಡಿಸೆಂಬರ್ 21, 22ಕ್ಕೇ. ಸಂಕ್ರಾಂತಿ ಮತ್ತು ಆ ತಿರುವು ಸುಮಾರು 1700 ವರ್ಷಗಳ ಹಿಂದೆ ಒಂದೇ ದಿನ ಬರುತ್ತಿದ್ದವು, ಭೂಮಿಯ ಅಕ್ಷ ನಿಧಾನಕ್ಕೆ ದಿಕ್ಕು ಬದಲಿಸುವುದರಿಂದ ಈಗ ದೂರವಾಗಿವೆ. ಟ್ರೊಮ್ಸೋದ ಮಟ್ಟಿಗಂತೂ ಸಂಕ್ರಾಂತಿ ಇಂದಿಗೂ ಸರಿಯಾದ ದಿನಕ್ಕೇ ಬಂದಂತಾಯಿತು. ಆದರೆ ಊರಿನ ದಕ್ಷಿಣಕ್ಕೆ ಗುಡ್ಡಗಳು ಅಡ್ಡ ಇರುವುದರಿಂದ ಪೇಟೆಯವರಿಗೆ ಸೂರ್ಯ ಕಾಣಲು ಜನವರಿ 21ರವರೆಗೆ ಕಾಯಬೇಕು. ಅಂದು ಅಲ್ಲಿ 'ಸೂರ್ಯನ ದಿನ'. ಶಾಲೆಯ ಮಕ್ಕಳಿಗೆ, ಕಚೇರಿಯವರಿಗೆ, ಎಲ್ಲರಿಗೂ ಒಳಗೆ ಜಾಮ್ ತುಂಬಿದ, ಮೇಲೆ ಸಕ್ಕರೆ ಉದುರಿಸಿದ ದುಂಡನೆಯ 'ಸೂರ್ಯನ ಬನ್ನು'. ಬೇಕರಿಗಳ ಮುಂದೆ ಸಾಲು. ಅಂದು ಮೋಡ ಕವಿದು ಸೂರ್ಯ ಕಾಣದೆ ಹೋದರೆ? ಬನ್ನು ತಿನ್ನುವುದಕ್ಕೆ ಅದೇನೂ ಅಡ್ಡಿಯಲ್ಲ.